ವಿಜೇತಾಳನ್ನು ಗೆಲ್ಲಿಸಹೊರಟೆ!

"ವಿಜೇತಾಳನ್ನು ಗೆಲ್ಲಿಸುವ ತನಕ ಈ ಮೊಬೈಲನ್ನು ಕೆಳಗಿಡುವುದಿಲ್ಲ!"

ಹೀಗೆ ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಘೋರ ಪ್ರತಿಜ್ಞೆ ಮಾಡಿದಾಗ ನನ್ನ ಹೆಂಡತಿ ಕಲಾವತಿ ಬಂಗಡೆ ಮೀನಿನ ತಲೆ ಕತ್ತರಿಸುತ್ತಿದ್ದಳು. ತಲೆ ಮೇಲೇಳಲಿಲ್ಲ. ಅವಳದೂ ಇಲ್ಲ, ಬಂಗಡೆಯದೂ ಇಲ್ಲ.

"ಕೆಳಗಿಡೋದು ಬೇಡ. ಆದ್ರೆ ಆಗಾಗ ಚಾರ್ಜಿಗಾದ್ರೂ ಹಾಕಿ," ಎಂದಳು.

ಮಹತ್ಕಾರ್ಯಗಳೆಲ್ಲ ಮನೆಯವರ ಕುಹಕದಿಂದಲೇ ಶುರುವಾಗುತ್ತವೆ ಎಂದು ಸಮಾಧಾನ ಮಾಡಿಕೊಂಡೆ. ಅವಳ ಆ ಒಂದು ಮಾತನ್ನು ಅಪಶಕುನ ಎಂದಾದರೂ ತಿಳಿದು ಸುಮ್ಮನೆ ಕೂತಿದ್ದರೆ ಇವತ್ತು ಅಂಕೋಲೆಯ ಪೇಟೆಯಲ್ಲಿ ನಾನು ಮುಖಕ್ಕೆ ಟವೆಲ್ ಮುಚ್ಚಿಕೊಳ್ಳದೆ ಓಡಾಡಬಹುದಿತ್ತು!

ವಿಜೇತಾ ಅಂದರೆ ಕಲಾವತಿಯ ತಮ್ಮ ವಿಕಾಸನ ಮಗಳು. ಅಂಕೋಲೆಯಲ್ಲೇ ಕಾಲೇಜು ಓದುತ್ತಾಳೆ. ಅಜ್ಜಿ ಹೇಳಿಕೊಟ್ಟ ಗದ್ದೆನಾಟಿಯ ಹಾಡೊಂದನ್ನು ಅಂಗಳದಲ್ಲಿ ನಿಂತು ಹಾಡಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಯಾರಿಗೂ ಹೇಳದೆ ವಿದೇಶದ ಒಂದು ಸಂಗೀತ ಸ್ಪರ್ಧೆಗೆ ಕಳಿಸಿದ್ದಳು. ಜಗತ್ತಿನ ಹಾಡುಗಾರರೆಲ್ಲ ತಂತಮ್ಮ ಮಾತೃಭಾಷೆಯಲ್ಲೇ ಹಾಡಬೇಕಾದ ಸ್ಪರ್ಧೆ ಅದು. ಹುಡುಗಿ ಸುತ್ತಿನ ಮೇಲೆ ಸುತ್ತು ದಾಟಿ ಕೊನೆಯ ಸುತ್ತಿಗೇ ಬಂದುಬಿಟ್ಟಳು! ಅದು ನಡೆಯುವುದು ವಿಯೆನ್ನಾದಲ್ಲಿ. ಗೆದ್ದವರಿಗೆ ಅಲ್ಲೇ ಒಂದು ವರ್ಷ ದೊಡ್ಡ ದೊಡ್ಡ ಗುರುಗಳ ಹತ್ತಿರ ಸಂಗೀತ ಕಲಿಯುವ ಅವಕಾಶ. ಹುಡುಗಿಗೆ ಅದೊಂದೇ ಕನಸು. ನಿದ್ದೆಯಲ್ಲೂ ಗುನುಗುತ್ತಾಳೆ ಎಂದು ವಿಕಾಸ ಹೇಳುತ್ತಿದ್ದ.

ಈ ಸ್ಪರ್ಧೆಯ ಪ್ರಾಯೋಜಕರು ಯಾರೆಂದರೆ ಭಾಷೆ ಕಲಿಸುವ ಒಂದು ಮೊಬೈಲ್ ಆ್ಯಪಿನವರು. ಆ್ಯಪಿನ ಗುರುತು ಒಂದು ಕೆಂಪು ಏಡಿ. ನಮ್ಮ ಕಾರವಾರದಲ್ಲಿ ಏಡಿಯನ್ನು ಸಾರಿಗೆ ಹಾಕುತ್ತಾರೆ. ಯುರೋಪಿನಲ್ಲಿ ಏಡಿಯೇ ಸಂಗೀತಕ್ಕೆ ಬಂಡವಾಳ ಹಾಕುತ್ತದೆಯಂತೆ! ಅರ್ಧ ಅಂಕ ತೀರ್ಪುಗಾರರದ್ದು. ಇನ್ನರ್ಧ ಈ ಏಡಿಯದ್ದು. ಜನ ಆ್ಯಪಿನಲ್ಲಿ ಪಾಠ ಕಲಿತಷ್ಟೂ ಹಾಡುಗಾರರಿಗೆ ಅಂಕ. 'ಭಾಷೆ ಕಲಿಯಿರಿ, ಗಾಯಕರನ್ನು ಎತ್ತಿಹಿಡಿಯಿರಿ' ಎಂದು ಇಂಗ್ಲಿಷಿನಲ್ಲಿ ದೊಡ್ಡದಾಗಿ ಬರೆದಿತ್ತು. ಅದರ ಕೆಳಗೆ ಇರುವೆಸಾಲಿನಂಥ ಸಣ್ಣ ಅಕ್ಷರಗಳಲ್ಲಿ ಇನ್ನೂ ಏನೇನೋ ಇತ್ತು.

"ಕೆಳಗಿಂದೂ ಓದಿದ್ರಾ?" ಎಂದು ಕಲಾವತಿ ಕೇಳಿದಳು.

"ಸಣ್ಣ ಅಕ್ಷರ ಓದೋದು ಸಣ್ಣ ಮನಸ್ಸಿನವರು!" ಎಂದೆ.

ಭಾಷೆ ಎಂದರೆ ನನಗೆ ಎಲ್ಲಿಲ್ಲದ ಧಿಮಾಕು. ನಾನು ಕಾರವಾರ ಬಸ್ ನಿಲ್ದಾಣದ ಕಂಟ್ರೋಲರ್ ಮಹಾಬಲೇಶ್ವರ. ಮೈಕಿನಲ್ಲಿ ಬಸ್ಸು ಕೂಗುವವನು. ಕನ್ನಡ, ಕೊಂಕಣಿ, ಮರಾಠಿ, ಹಿಂದಿ, ಚೂರುಪಾರು ಇಂಗ್ಲಿಷ್. ಮಡಗಾಂವಿಗೆ ಹೋಗುವವನನ್ನು ಒಂದು ಭಾಷೆಯಲ್ಲಿ ಹತ್ತಿಸಿ, ಕೊಲ್ಲಾಪುರದವನನ್ನು ಇನ್ನೊಂದು ಭಾಷೆಯಲ್ಲಿ ಇಳಿಸುವ ಸಾಮರ್ಥ್ಯ ನನ್ನದು! ಅಂಥವನಿಗೆ ಏಡಿ ಯಾವ ಲೆಕ್ಕ?

ಆ್ಯಪ್ ಇಳಿಸಿದೆ. ವಿಜೇತಾಳ ಫೋಟೊದ ಪಕ್ಕ ಒಂದು ಹೃದಯದ ಚಿತ್ರವಿತ್ತು. ಒತ್ತಿದೆ. ಕೆಂಪಾಯಿತು. 'ಮುಗೀತು, ಇನ್ನು ನಾನು ಕಲಿತದ್ದೆಲ್ಲ ನೇರ ನಮ್ಮ ಹುಡುಗಿಯ ಖಾತೆಗೆ' ಎಂದುಕೊಂಡೆ. ಆಮೇಲೆ ಯಾವ ಭಾಷೆ ಕಲಿಯಬೇಕು ಎಂಬ ಪ್ರಶ್ನೆ ಬಂತು. ಉದ್ದದ ಪಟ್ಟಿ.

"ಕನ್ನಡಾನೂ ಅದೆಯಲ್ರಿ ಇದ್ರಲ್ಲಿ. ಅದನ್ನೇ ಒತ್ತಿ. ಬೇಗ ಬೇಗ ಮುಗೀತದೆ," ಎಂದಳು ಕಲಾವತಿ, ನನ್ನ ಹೆಗಲ ಮೇಲಿಂದ ಬಗ್ಗಿ.

"ಛೆ! ಬರುವ ಭಾಷೆಯನ್ನೇ ಕಲಿತರೆ ಅದು ಮೋಸ. ನಮ್ಮ ಹುಡುಗಿ ಪ್ರಾಮಾಣಿಕವಾಗಿ ಗೆಲ್ಲಬೇಕು!"

ನೋಡಿ, ನನ್ನ ಜೀವಮಾನದಲ್ಲಿ ನಾನು ಪ್ರಾಮಾಣಿಕತೆಯ ಹಟ ಹಿಡಿದದ್ದು ಅಪರೂಪ. ಹಿಡಿದಾಗ ಹೀಗಾಯಿತು.

ಹುಡುಕಿ ಹುಡುಕಿ ಪೋರ್ಚುಗೀಸ್ ಆರಿಸಿದೆ. ಕಾರಣ ಬಹಳ ಸರಳ. ಗೋವಾ ನಮ್ಮ ಪಕ್ಕದ ಮನೆ. ಆ ಭಾಷೆಯ ಅರ್ಧ ಸಾಮಾನು ಆಗಲೇ ನಮ್ಮ ಮನೆಯಲ್ಲಿ ಬಿದ್ದುಕೊಂಡಿದೆ! ಮೊದಲ ಪಾಠದಲ್ಲೇ ಕಿಟಕಿಯ ಚಿತ್ರ ತೋರಿಸಿ ಏಡಿ 'ಜನೇಲಾ' ಎಂದಿತು. ಮೂಲೆಯಲ್ಲಿ ಎಲೆ ಅಡಿಕೆ ಹಾಕುತ್ತಿದ್ದ ನನ್ನ ಅಮ್ಮ ಹೊನ್ನಮ್ಮ, "ಜನೇಲ ಅಲ್ದೆ ಮತ್ತೆಂತಾ ಅಂತಾರೆ? ಇದಕ್ಕೂ ಒಂದು ಪಾಠವಾ?" ಎಂದಳು. ಬಟಾಟೆಗೆ ಬಟಾಟ. ಸಾಬೂನಿಗೆ ಸಬಾಂವ್. ಚಾವಿಗೆ ಶಾವೆ. ಒಂದೊಂದು ಸರಿ ಉತ್ತರಕ್ಕೂ ಏಡಿ ಕೊಂಡಿ ಎತ್ತಿ ಕುಣಿಯುತ್ತಿತ್ತು. ನಾನೂ ಕುಣಿದೆ.

ಮರುದಿನ ಬೆಳಿಗ್ಗೆ ಕಲಾವತಿ ಚಾ ತಂದುಕೊಟ್ಟಾಗ ಗತ್ತಿನಿಂದ, "ಒಬ್ರಿಗಾದೋ!" ಎಂದೆ. ಪೋರ್ಚುಗೀಸಿನಲ್ಲಿ ಹಾಗೆಂದರೆ ಧನ್ಯವಾದ.

"ಒಬ್ರಿಗೆ ಯಾಕೆ? ಮೂರೂ ಜನಕ್ಕೆ ಆಗೋವಷ್ಟು ಮಾಡಿದ್ದೆ," ಎಂದು ಅವಳು ಅಮ್ಮನಿಗೂ ಒಂದು ಲೋಟ ಕೊಟ್ಟು ಹೋದಳು. ಮದುವೆಯಾದ ಮೇಲೆ ಮೊದಲ ಸಲ ಧನ್ಯವಾದ ಹೇಳಿದ್ದೆ. ಅದೂ ತಲುಪಲಿಲ್ಲ!

ಒಬ್ಬನೇ ಕಲಿತರೆ ಎಷ್ಟು ಅಂಕ ಬಂದೀತು? ಚಳವಳಿ ಆಗಬೇಕು! 'ವಿಜೇತಾ ವಿಜಯ ಸಮಿತಿ' ಎಂದು ವಾಟ್ಸ್ಆ್ಯಪ್ ಗುಂಪು ಕಟ್ಟಿದೆ. ಅಧ್ಯಕ್ಷ ನಾನು. ಯಾರೂ ಆರಿಸಲಿಲ್ಲ, ಯಾರೂ ಬೇಡ ಎನ್ನಲೂ ಇಲ್ಲ. ಅಮದಳ್ಳಿಯ ನಮ್ಮ ಕೇರಿ, ಅಂಕೋಲೆಯ ನೆಂಟರು, ವಿಜೇತಾಳ ಕಾಲೇಜಿನ ಮಕ್ಕಳು, ಡಿಪೋದ ಡ್ರೈವರು ಕಂಡಕ್ಟರುಗಳು, ಎಲ್ಲರನ್ನೂ ಸೇರಿಸಿದೆ. ಎಲ್ಲರಿಗೂ ಒಂದೇ ಆಜ್ಞೆ: 'ಪೋರ್ಚುಗೀಸನ್ನೇ ಒತ್ತಿರಿ, ಸುಲಭ ಇದೆ!' ಬಸ್ ನಿಲ್ದಾಣದಲ್ಲಂತೂ ಮೈಕು ನನ್ನ ಕೈಯಲ್ಲೇ ಇದೆಯಲ್ಲ. "ಕಿನ್ನರ ಗ್ರಾಮದ ಕಡೆ ಹೋಗುವ ಪ್ರಯಾಣಿಕರ ಗಮನಕ್ಕೆ. ಬಸ್ಸು ತಡವಾಗಿದೆ. ಅಲ್ಲಿಯವರೆಗೆ ನಮ್ಮ ಜಿಲ್ಲೆಯ ಹೆಮ್ಮೆಯ ಗಾಯಕಿಗಾಗಿ ಒಂದು ಪಾಠ ಕಲಿಯಿರಿ. ಬೋಂ ದಿಯಾ, ಅಂದರೆ ಶುಭದಿನ!"

ಜನ ಕಲಿತರು ಮಾರಾಯರೆ! ಕಲಿಯದೆ ಏನು ಮಾಡಿಯಾರು, ಬಸ್ಸು ನಿಜವಾಗಿ ತಡವಿತ್ತು. ಮಲ್ಲಾಪುರ ಬಸ್ಸಿನ ಡ್ರೈವರ್ ಹುಲಿಯಾ ಎಲ್ಲರಿಗಿಂತ ಮುಂದೆ. ಬಿಡುವಾದಾಗಲೆಲ್ಲ ನನ್ನ ಕಿಂಡಿಯ ಹತ್ತಿರ ಬಂದು, "ಸಾಹೇಬ್ರೆ, 'ನನ್ನ ಚಾವಿ ಎಲ್ಲಿದೆ' ಅಂತ ಕೇಳ್ತೆ ನೋಡಿ. ಓಂದೆ ಇಶ್ತಾ ಅ ಮಿಞಾ ಶಾವೆ?" ಎನ್ನುತ್ತಿದ್ದ. ಒಮ್ಮೆ ಹಾಗೆ ಕೇಳುವಾಗ ಬಸ್ಸಿನ ಚಾವಿ ನಿಜಕ್ಕೂ ಕಳೆದಿತ್ತು. ನಾನು ಪಾಠ ಎಂದು ತಿಳಿದು "ಶಹಬ್ಬಾಸ್!" ಎನ್ನುತ್ತ ಕೂತೆ. ಮಲ್ಲಾಪುರದ ಟೌನ್‌ಶಿಪ್ಪಿಗೆ ಹೋಗುವವರೆಲ್ಲ ಬಿಸಿಲಲ್ಲಿ ನಿಂತರು. ಡಿಪೋ ಮ್ಯಾನೇಜರು ನನ್ನನ್ನು ಕರೆಸಿ, ಭಾಷೆಗೆ ಸಂಬಂಧಿಸಿದ ಕೆಲವು ಶಬ್ದಗಳನ್ನು ಶುದ್ಧ ಕನ್ನಡದಲ್ಲೇ ಹೇಳಿದರು. ನಾನು ತಲೆ ಬಗ್ಗಿಸಿ ಕೇಳಿಸಿಕೊಂಡೆ. ಎಲ್ಲವೂ ವಿಜೇತಾಳಿಗಾಗಿ!

ವಿಯೆನ್ನಾಕ್ಕೆ ಹೊರಡುವ ದಿನ ಹುಡುಗಿ ನನ್ನ ಕಾಲಿಗೆ ಬಿದ್ದಳು. "ಮಾವ, ನೀವೆಲ್ಲ ಇಷ್ಟು ಕಷ್ಟಪಡ್ತಾ ಇದ್ರಿ. ಸೋತು ಬಂದ್ರೆ ಹೆಂಗೆ ಮುಖ ತೋರಿಸ್ಲಿ?" ಎಂದಳು. ಕಣ್ಣು ತುಂಬಿಕೊಂಡಿತ್ತು.

"ಹೆಸರೇ ವಿಜೇತಾ! ಸೋಲೋದು ಹೆಂಗೆ? ನಾನಿದ್ದೇನೆ!" ಎಂದೆ.

ಈಗ ಆ ಮಾತು ನೆನಪಾದರೆ ಬಾವಿಕಟ್ಟೆಯ ಹಿಂದೆ ಹೋಗಿ ಕೂತುಬಿಡೋಣ ಅನಿಸುತ್ತದೆ.

ಕೊನೆಯ ಸುತ್ತು ಅಲ್ಲಿ ಮಧ್ಯಾಹ್ನ, ನಮ್ಮಲ್ಲಿ ಸಂಜೆ. ಅಂಕೋಲೆಯ ಒಂದು ಕಲ್ಯಾಣಮಂಟಪದಲ್ಲಿ ದೊಡ್ಡ ಪರದೆ ಕಟ್ಟಿಸಿದೆ. ವಿಕಾಸ ಮಗಳ ಜೊತೆ ವಿಯೆನ್ನಾದಲ್ಲಿದ್ದುದರಿಂದ ಇಲ್ಲಿಯ ಯಜಮಾನಿಕೆಯೆಲ್ಲ ನನ್ನದೇ. ಮಂಟಪ ತುಂಬಿ ಜನ ಬಾಗಿಲಲ್ಲೂ ನಿಂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ನಾನು ವೇದಿಕೆಯ ಮೇಲೆ, ಮದುಮಗನ ಕುರ್ಚಿಯಲ್ಲೇ ಕೂತಿದ್ದೆ.

ವಿಜೇತಾ ಹಾಡಿದಳು. ಏನು ಹೇಳಲಿ! ಅಷ್ಟು ದೊಡ್ಡ ಸಭೆಯ ಮಧ್ಯೆ ಹಸಿರು ಸೀರೆಯುಟ್ಟು, ಕಣ್ಣು ಮುಚ್ಚಿ, ಯಾವ ವಾದ್ಯವೂ ಇಲ್ಲದೆ ಹಾಡಿದಳು. ಕೆಸರಿನಲ್ಲಿ ಸಸಿ ಊರುವ ಕೈಗಳ ಲಯವೇ ಅವಳ ದನಿಯಲ್ಲಿತ್ತು. ಕಲಾವತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ವಿಯೆನ್ನಾದ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ತೀರ್ಪುಗಾರರ ಅಂಕ ಬಂದಾಗ ನಮ್ಮ ಹುಡುಗಿಯೇ ಎಲ್ಲರಿಗಿಂತ ಮೇಲೆ! ಅವಳ ಹಿಂದೆ ಲಿಸ್ಬನ್ನಿನ ಬೆನೆದಿತಾ ಎಂಬ ಹುಡುಗಿ.

ಇನ್ನು ಉಳಿದದ್ದು ಏಡಿಯ ಅಂಕ. ಮುಗಿಯಲು ಸ್ವಲ್ಪವೇ ಹೊತ್ತಿತ್ತು. ಪರದೆಯ ಮೇಲೆ ಎಲ್ಲ ಹಾಡುಗಾರರ ಹೆಸರಿನ ಮುಂದೆ ಬಣ್ಣದ ಪಟ್ಟಿಗಳು ನಿಧಾನ ಬೆಳೆಯುತ್ತಿದ್ದವು. ನಾನು ಮೈಕು ಹಿಡಿದೆ.

"ಬಂಧುಗಳೇ, ಇದು ಕೊನೆಯ ಏಟು! ಎಲ್ಲರೂ ಮೊಬೈಲ್ ತೆಗೀರಿ. ನಾನು ಕೈ ಎತ್ತಿದ ಕೂಡಲೆ ಒಟ್ಟಿಗೆ ಒಂದು ಪಾಠ!"

ಕೈ ಎತ್ತಿದೆ. ಇಡೀ ಮಂಟಪ 'ಬಟಾಟ, ಬಟಾಟ' ಎಂದು ಪಠಿಸಿತು. ಪರದೆಯಲ್ಲಿ ಒಂದು ಪಟ್ಟಿ ಠಣ್ಣನೆ ಮೇಲಕ್ಕೆ ಜಿಗಿಯಿತು. "ನೋಡಿ, ನೋಡಿ!" ಎಂದು ಕೂಗಿದೆ. "ಇನ್ನೊಮ್ಮೆ!" ಮತ್ತೆ ಪಾಠ. ಮತ್ತೆ ಜಿಗಿತ.

ಕಲಾವತಿ ವೇದಿಕೆಯ ಮೆಟ್ಟಿಲು ಹತ್ತಿ ಬಂದು ನನ್ನ ಅಂಗಿ ಎಳೆದಳು.

"ಹೋಯ್, ಸ್ವಲ್ಪ ನೋಡ್ರಿ ಇಲ್ಲಿ. ಮೇಲೆ ಹೋಗ್ತಾ ಇರೋದು ನಮ್ಮ ಹುಡುಗಿದು ಅಲ್ಲ."

"ಮತ್ತೆ ಯಾರದ್ದು?"

"ಆ ಬೆನೆದಿತಾ ಅಂಬವಳದ್ದು. ನೀವು ಕೈ ಎತ್ತಿದಾಗೆಲ್ಲ ಅವಳದ್ದೇ ಏರ್ತದೆ."

"ಕಾಕತಾಳೀಯ!" ಎಂದೆ. ಆದರೆ ನನ್ನ ದನಿ ನನಗೇ ಹಿಡಿಸಲಿಲ್ಲ. ಪರೀಕ್ಷೆಗೆಂದು ಇನ್ನೊಮ್ಮೆ ಕೈ ಎತ್ತಿದೆ. ಬೆನೆದಿತಾ ಜಿಗಿದಳು. ಕೈ ಇಳಿಸಿದೆ. ಬೆನೆದಿತಾ ನಿಂತಳು. ವಿಜೇತಾಳ ಪಟ್ಟಿ ಬಿಸಿಲಿಗೆ ಬಿದ್ದ ಬಸವನಹುಳುವಿನಂತೆ ಅಲ್ಲೇ ಇತ್ತು.

ಕಲಾವತಿ ನನ್ನ ಮೊಬೈಲ್ ಕಸಿದು, ಆ ಇರುವೆಸಾಲನ್ನು ಬೆರಳಿನಿಂದ ಹಿಗ್ಗಿಸಿ, ಅಕ್ಷರ ಅಕ್ಷರ ಕೂಡಿಸಿ ಓದಿದಳು. ಯಾವ ಭಾಷೆಯ ಪಾಠ ಕಲಿಯುತ್ತೀರೋ ಆ ಭಾಷೆಯಲ್ಲಿ ಹಾಡುವವರಿಗೆ ಅಂಕ! ಹೃದಯದ ಚಿತ್ರ ಒತ್ತಿದರೆ ಏನಾಗುತ್ತದೆ ಎಂದೂ ಅಲ್ಲೇ ಇತ್ತು. ಏನೂ ಆಗುವುದಿಲ್ಲ!

ಅಂದರೆ ಇಷ್ಟು ದಿನ ನಾನು, ನನ್ನ ಅಮ್ಮ, ಅಮದಳ್ಳಿ, ಅಂಕೋಲೆ, ಕಾರವಾರದ ಬಸ್ ನಿಲ್ದಾಣ, ಎಲ್ಲರೂ ಸೇರಿ ಹಗಲಿಡೀ ದುಡಿದದ್ದು ಪೋರ್ಚುಗೀಸಿನಲ್ಲಿ ಹಾಡಿದ ಲಿಸ್ಬನ್ನಿನ ಹುಡುಗಿಗಾಗಿ!

ಬೆವರು ಹೇಗೆ ಕಿತ್ತುಬಂತೆಂದರೆ ಅಂಗಿಯ ಇಸ್ತ್ರಿಯೆಲ್ಲ ಹೋಯಿತು. "ಕನ್ನಡ! ಕನ್ನಡ ಒತ್ತಿ!" ಎಂದು ಮೈಕಿನಲ್ಲಿ ಕಿರುಚಿದೆ. ಜನ ಗಾಬರಿಯಿಂದ ಪಟ್ಟಿಯಲ್ಲಿ ಕನ್ನಡ ಹುಡುಕತೊಡಗಿದರು. ನಾನೇ ಮೊದಲು ಒತ್ತಿದೆ. ಒಂದು ಹೆಂಗಸಿನ ಚಿತ್ರ ತೋರಿಸಿ ಏಡಿ ಇಂಗ್ಲಿಷಿನಲ್ಲಿ ಕೇಳಿತು: ಇವರನ್ನು 'ಎಲ್ಲಿಗೆ ಹೋಗುತ್ತಿದ್ದೀರಿ' ಎಂದು ಕೇಳಿರಿ.

"ಎಲ್ಲಿಗೆ ಹೋಗ್ತ್ರಿ?" ಎಂದೆ.

ಪುಸ್ತಕದ ಕನ್ನಡವಷ್ಟೇ ಗೊತ್ತಿದ್ದ ಏಡಿ ತಲೆ ಅಲ್ಲಾಡಿಸಿತು. ತಪ್ಪು!

"ಎಲ್ಲಿಗ್ ಹೊಂಟ್ರಿ?"

ತಪ್ಪು!

ಗಾಬರಿಯಲ್ಲಿ ಬಾಯಿಗೆ ರೂಢಿಯಾದದ್ದು ಬಂದುಬಿಟ್ಟಿತು. "ಪ್ರಯಾಣಿಕರ ಗಮನಕ್ಕೆ!"

ತಪ್ಪು! ಮೂರು ತಪ್ಪಿಗೆ ಪಾಠ ಬಂದ್! 'ನಿಮ್ಮ ಜೀವಗಳು ಮುಗಿದಿವೆ. ನಾಳೆ ಮತ್ತೆ ಪ್ರಯತ್ನಿಸಿ' ಎಂದು ಬಂತು. ಮೈಕು ನನ್ನ ಕೈಯಲ್ಲೇ ಇದ್ದುದರಿಂದ ಇದೆಲ್ಲ ಮಂಟಪಕ್ಕೇ ಕೇಳಿಸಿತ್ತು. ಜಿಲ್ಲೆಗೆಲ್ಲ ಕನ್ನಡದಲ್ಲಿ ಬಸ್ಸು ಕೂಗುವ ಮನುಷ್ಯ ಕನ್ನಡದ ಒಂದನೇ ಪಾಠದಲ್ಲಿ ನಪಾಸು!

ಮಂಟಪದ ತುಂಬ ಅದೇ ಕತೆ. ಕೆಲವರು ಪಾಸಾದರು, ಇಲ್ಲವೆನ್ನುವುದಿಲ್ಲ. ಆದರೆ ಅಷ್ಟರಲ್ಲಿ ಗಂಟೆ ಹೊಡೆಯಿತು. ಬೆನೆದಿತಾ ಗೆದ್ದಳು. ವಿಜೇತಾ ಎರಡನೆಯವಳು. ತೀರ ಚೂರೇ ಚೂರು ಅಂತರ. ನಮ್ಮ ಮಂಟಪದವರೆಲ್ಲ ಆ ಒಂದು ಸಂಜೆ ಸುಮ್ಮನಿದ್ದಿದ್ದರೂ ಸಾಕಿತ್ತು!

ಅಷ್ಟಕ್ಕೇ ಮುಗಿದಿದ್ದರೆ ನಾನು ಹಿಂಬಾಗಿಲಿನಿಂದ ಹೋಗಿಬಿಡುತ್ತಿದ್ದೆ. ಬೆನೆದಿತಾ ಅಳುತ್ತಾ, ನಗುತ್ತಾ, ತನ್ನ ಭಾಷೆಯಲ್ಲಿ ಏನೋ ಹೇಳಿದಳು. ಕೂಡಲೆ ಕಾರ್ಯಕ್ರಮ ನಡೆಸುವವನು, "ಜಗತ್ತಿನಲ್ಲೇ ಅತಿ ಹೆಚ್ಚು ಪೋರ್ಚುಗೀಸ್ ಪಾಠ ಕಲಿತ ಊರು ಯಾವುದು ಗೊತ್ತೆ? ಭಾರತದ ಕಾರವಾರ! ಅಲ್ಲಿಯ ಮೊದಲ ವಿದ್ಯಾರ್ಥಿ ಇವರು!" ಎಂದ. ಪರದೆಯ ತುಂಬ ನಾನು! ಯಾರದೋ ಮದುವೆಯಲ್ಲಿ ಜಿಲೇಬಿಗೆ ಬಾಯಿ ತೆರೆದಾಗ ತೆಗೆದ ಫೋಟೊ. ಆ್ಯಪಿಗೆ ಸೇರುವಾಗ ಅದೇ ಕೈಗೆ ಸಿಕ್ಕಿತ್ತು.

ವಿಯೆನ್ನಾದ ಆ ವೇದಿಕೆಯಲ್ಲಿ ಬೆನೆದಿತಾಳ ಪಕ್ಕವೇ ವಿಜೇತಾ ನಿಂತಿದ್ದಳು. ತಲೆ ಎತ್ತಿ ನನ್ನ ತೆರೆದ ಬಾಯಿಯನ್ನು ನೋಡಿದಳು. ಮೊದಲು ಅವಳಿಗೆ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಅದು ಅವಳ ಮುಖದಲ್ಲಿ ಅರ್ಥವಾಗುತ್ತ ಹೋದದ್ದನ್ನು ನಾನು ಅಂಕೋಲೆಯಲ್ಲಿ ಕೂತು ಕಂಡೆ. ಆಮೇಲೆ ಅವಳೂ ಎಲ್ಲರ ಜೊತೆ ಚಪ್ಪಾಳೆ ತಟ್ಟಿದಳು.

ಮಂಟಪದವರೆಲ್ಲ ನನ್ನತ್ತ ತಿರುಗಿದರು. ಎಲ್ಲರ ಕಣ್ಣೂ ಮದುಮಗನ ಕುರ್ಚಿಯ ಮೇಲೆ. ಹುಲಿಯಾ ಒಬ್ಬನೇ ಎದ್ದು, ಮುಖ ಅರಳಿಸಿ ಕೂಗಿದ:

"ಸಾಹೇಬ್ರೆ! ಅವಳು ಹೇಳಿದ್ದು ಪೂರ್ತಿ ಅರ್ಥ ಆಯ್ತು ನಂಗೆ!"

ಆಮೇಲಿನ ದಿನಗಳನ್ನು ಹೇಗೆ ಕಳೆದೆನೋ! ಮೈಕಿನ ಕೆಲಸ ಬೇಡ, ಒಳಗೆ ಎಲ್ಲಾದರೂ ಕೂರಿಸಿ ಎಂದು ಮ್ಯಾನೇಜರಲ್ಲಿ ಬೇಡಿಕೊಂಡೆ. "ಬೇಡ, ಅಲ್ಲೇ ಕೂತ್ಕಳಿ. ನಾಲ್ಕು ಜನ ನೋಡ್ಲಿ," ಎಂದರು. ಬಸ್ಸು ತಡವಾದರೆ ಜನ ಬಂದು, "ಲಿಸ್ಬನ್ ಗಾಡಿ ಎಷ್ಟೊತ್ತಿಗೆ ಅದೆ?" ಎಂದು ಕೇಳುತ್ತಿದ್ದರು. ಮನೆಗೆ ಬಂದರೆ ಕಲಾವತಿ ಏನೂ ಅನ್ನುತ್ತಿರಲಿಲ್ಲ. ಅದೇ ನನಗೆ ಭಯ. ಇಷ್ಟು ವರ್ಷದ ಸಂಸಾರದಲ್ಲಿ ಅವಳು ಏನೂ ಅನ್ನದೆ ಬಿಟ್ಟದ್ದು ಇದೇ ಮೊದಲು. ಕೊನೆಗೆ ಒಂದು ದಿನ ಅನ್ನ ಬಡಿಸುತ್ತಾ, "ಹುಡುಗಿ ನಾಳೆ ಬೆಳಿಗ್ಗೆ ರೈಲಿಗೆ ಬರ್ತದೆ. ನೀವೂ ಬರ್ಬೇಕು," ಎಂದಳು.

"ನಾನು ಯಾವ ಮುಖ ಹೊತ್ಕಂಡು ಬರ್ಲೆ?"

"ಇದ್ದಿದ್ದು ಒಂದೇ ಅಲ್ವಾ. ಅದನ್ನೇ ಹೊತ್ಕಂಡು ಬನ್ನಿ."

ಅಂಕೋಲಾ ಸ್ಟೇಶನ್ನಿಗೆ ಊರೇ ಬಂದಿತ್ತು. ನಾನು ನೀರಿನ ನಲ್ಲಿಯ ಕಂಬದ ಹಿಂದೆ ನಿಂತೆ. ಕಂಬ ತೆಳ್ಳಗಿತ್ತು, ನಾನು ತೆಳ್ಳಗಿಲ್ಲ. ವಿಕಾಸ ರೈಲಿನಿಂದ ಇಳಿದವನೇ ನನ್ನನ್ನು ಕಂಡ.

"ಭಾವ," ಎಂದ ಗಂಟುಮುಖದಲ್ಲಿ, "ಅಲ್ಲಿ ಎಲ್ಲಾ ಕೇಳಿದ್ರು, ಈ ಜಿಲೇಬಿ ಮನುಷ್ಯ ನಿಮಗೆ ಗೊತ್ತಾ ಅಂತ. ನಂಗೆ ಎಂತಾ ಹೇಳ್ಬೇಕು ಅಂತ್ಲೇ ತಿಳೀಲಿಲ್ಲ. ಗೊತ್ತಿಲ್ಲ ಅಂದ್ಬಿಟ್ಟೆ."

ಅವನು ನನ್ನನ್ನು ದಾಟಿಕೊಂಡು ಸಾಮಾನು ಹೊತ್ತು ನಡೆದ. ನಾನು ಬಾಯಿ ಬಿಡಲಿಲ್ಲ. ನನ್ನ ಬಾಯಿ ಬಿಟ್ಟ ಸ್ಥಿತಿಯನ್ನು ಜಗತ್ತು ಆಗಲೇ ಕಂಡಿತ್ತು.

ಹಿಂದೆ ವಿಜೇತಾ ಬಂದಳು. ಕೊರಳಲ್ಲಿ ಊರವರು ಹಾಕಿದ ಹಾರ. ನಾನು ಯೋಚಿಸಿಟ್ಟಿದ್ದ ಮಾತೆಲ್ಲ ಮರೆತುಹೋಯಿತು. "ತಂಗೀ, ನಿನ್ನ ಒಂದು ವರ್ಷ ನಾನು ತಿಂದುಹಾಕಿದೆ ಮಾರಾಯ್ತಿ. ತಪ್ಪಾಯ್ತು," ಎಂದೆ. ಹೀಗೆ ಮೈಕಿಲ್ಲದೆ, ಸಣ್ಣ ದನಿಯಲ್ಲಿ ನಾನು ಮಾತಾಡಿದ್ದನ್ನು ಕಲಾವತಿಯೂ ಎಂದೂ ಕೇಳಿರಲಿಕ್ಕಿಲ್ಲ.

ಹುಡುಗಿ ಹತ್ತಿರ ಬಂದಳು. ಆಮೇಲೆ ಮೆಲ್ಲಗೆ, "ಮಾವ, ಒಂದು ವಿಷಯ ಹೇಳ್ಲಾ? ನಿಮ್ಮ ಗ್ರೂಪಿನಲ್ಲಿ ನಾನೂ ಇದ್ದೆನಲ್ಲ. ನೀವು ಹೇಳಿದ್ರಿ ಅಂತ ನಾನೂ ದಿನಾ ಪೋರ್ಚುಗೀಸ್ ಪಾಠ ಮಾಡ್ತಿದ್ದೆ. ವಿಯೆನ್ನಾಕ್ಕೆ ಹೋದ ಮೇಲೂ ಬಿಟ್ಟಿಲ್ಲ," ಎಂದಳು.

ಅಯ್ಯೋ ದೇವರೇ! ಅವಳ ಕೈಯಿಂದಲೇ ಅವಳ ವಿರುದ್ಧ ಮತ! ಕಾಲ ಕೆಳಗಿನ ಪ್ಲಾಟ್‌ಫಾರಮ್ಮು ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಎನಿಸಿತು.

"ಬೇಜಾರು ಮಾಡ್ಕಬೇಡಿ," ಎಂದಳು. "ಅದ್ರಿಂದಲೇ ಬೆನೆದಿತಾ ಹತ್ರ ಮಾತಾಡ್ಲಿಕ್ಕೆ ಬಂತು. ನಮ್ಮ ನಾಟಿ ಹಾಡು ಅವಳಿಗೆ ಸೇರಿತು. ಮಳೆಗಾಲದಲ್ಲಿ ಬಂದು ಗದ್ದೆಯಲ್ಲೇ ನಿಂತು ಕಲೀತೆ ಅಂದಾಳೆ. ಮತ್ತೆ ಬರೋ ವರ್ಷದ ಸ್ಪರ್ಧೆಗೆ ನನ್ನನ್ನ ನೇರ ಕರೆದಿದಾರೆ."

ಬರೋ ವರ್ಷ! ಆ ಶಬ್ದ ಕಿವಿಗೆ ಬಿದ್ದದ್ದೇ ತಡ, ಸತ್ತುಬಿದ್ದಿದ್ದ ಅಧ್ಯಕ್ಷ ನನ್ನೊಳಗೆ ಎದ್ದು ಕೂತ. ಎದೆ ಉಬ್ಬಿತು. "ಹಂಗಾರೆ ಹೇಳು ತಂಗೀ! ಬರೋ ವರ್ಷ ಈ ಮಾವ ಎಂತಾ ಮಾಡ್ಬೇಕು? ಸಣ್ಣ ಅಕ್ಷರ, ದೊಡ್ಡ ಅಕ್ಷರ ಎಲ್ಲಾ ಓದ್ತೆ. ನೀನು ಹೇಳಿದ ಹಾಗೇ ಮಾಡ್ತೆ!"

ವಿಜೇತಾ ಅತ್ತೆಯ ಮುಖ ನೋಡಿದಳು. ಕಲಾವತಿ ಸೆರಗನ್ನು ಬಾಯಿಗಿಟ್ಟುಕೊಂಡಳು. ಹುಡುಗಿ ನನ್ನ ಎರಡೂ ಕೈ ಹಿಡಿದುಕೊಂಡು, ಬಹಳ ವಿನಯದಿಂದ ಹೇಳಿದಳು:

"ಒಂದೇ ಒಂದು ಉಪಕಾರ ಮಾಡಿ ಮಾವ. ನನ್ನ ಎದುರಾಳಿ ಯಾರು ಅಂತ ಗೊತ್ತಾದ ಕೂಡಲೆ ನೀವು ಅವರ ಕಡೆ ಸೇರ್ಕಂಡು, ಹೆಂಗಾದ್ರೂ ಮಾಡಿ ನನ್ನನ್ನ ಸೋಲಿಸ್ಲಿಕ್ಕೆ ನೋಡಿ!"